ಗುತ್ತಿಗೆಯ ಹಣ, ಅಂಗಡಿಯ ಹಣ: ಗುಬ್ಬಿ ತೋಟದಪ್ಪನವರ ಧರ್ಮ

ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆಯಿಂದ ಬೆಂಗಳೂರಿಗೆ ಹೋಗಿಬರುವವರಿಗೆ ಸಿಟಿ ರೈಲು ನಿಲ್ದಾಣದ ಹತ್ತಿರದ ಗುಬ್ಬಿ ತೋಟದಪ್ಪನವರ ಛತ್ರ ಪರಸ್ಥಳವೆನಿಸುವುದಿಲ್ಲ. ಅದರ ಹೆಸರಿನಲ್ಲೇ ತಮ್ಮ ತಾಲ್ಲೂಕಿದೆ. ಅದನ್ನು ಕಟ್ಟಿಸಿದ ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು (1838–1910) ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ವರ್ತಕರ ಪೈಕಿ ಅತಿ ಹೆಚ್ಚು ಜನಕ್ಕೆ ಆಸರೆಯಾದವರು ಎಂದರೆ ತಪ್ಪಾಗದು. ಅವರ ಬಗ್ಗೆ ಬರೆಯುವವರೆಲ್ಲ ‘ಕೊಡುಗೈ ದಾನಿ’ ಎಂಬ ಮಾತಿನಿಂದ ಶುರುಮಾಡಿ ಅದೇ ಮಾತಿಗೆ ಬಂದು ನಿಲ್ಲುತ್ತಾರೆ. ಕೊಟ್ಟ ಕೈಯನ್ನು ಹೊಗಳುವ ನಾವು ಆ ಕೈಗೆ ಹಣ ಯಾವ ದಾರಿಯಲ್ಲಿ ಬಂತೆಂದು ವಿಚಾರಿಸುವುದು ಕಡಿಮೆ. ದಾನಿಯ ಮುಂದೆ ಈ ಪ್ರಶ್ನೆ ಎತ್ತುವುದು ಮರ್ಯಾದೆಯಲ್ಲ ಎಂಬ ಸಂಕೋಚ ಇದಕ್ಕೆ ಕಾರಣವಿರಬಹುದು. ಆದರೆ ಒಂದು ದಾನ ಎಂಥದ್ದು, ಎಷ್ಟು ದಿನ ಬಾಳುತ್ತದೆ, ಯಾರ ಅಂಕೆಯಲ್ಲಿರುತ್ತದೆ ಎಂಬುದನ್ನು ತೀರ್ಮಾನಿಸುವುದರಲ್ಲಿ ಕೊಟ್ಟ ಮೊತ್ತಕ್ಕಿಂತ ಹಣ ಬಂದ ದಾರಿಯ ಪಾಲೇ ದೊಡ್ಡದು ಎಂಬುದು ಈ ಬರಹದ ವಾದ. ಅದನ್ನು ಪರೀಕ್ಷಿಸಲು ತೋಟದಪ್ಪನವರ ಕಾಲದಲ್ಲೇ ಬದುಕಿದ್ದ, ಅವರಂತೆಯೇ ವರ್ತಕನೂ ದಾನಿಯೂ ಆಗಿದ್ದ, ಆದರೆ ಹಣವನ್ನು ಬೇರೊಂದು ದಾರಿಯಲ್ಲಿ ಸಂಪಾದಿಸಿದ ಒಬ್ಬನನ್ನು ಅವರ ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ಅವನು ಚೀನಾದ ಕರಾವಳಿಯ ಮಕಾವ್ ಪಟ್ಟಣದ ಲೋ ಕಾವ್.

ಲೋ ಕಾವ್ 1848ರಲ್ಲಿ ಹುಟ್ಟಿದವನು, ತೋಟದಪ್ಪನವರಿಗಿಂತ ಹತ್ತು ವರ್ಷ ಚಿಕ್ಕವನು. ಗ್ವಾಂಗ್‌ಡಾಂಗ್ ಪ್ರಾಂತ್ಯದಿಂದ ಪೋರ್ಚುಗೀಸರ ಆಳ್ವಿಕೆಯ ಮಕಾವ್‌ಗೆ ಬಂದು, ನಾಣ್ಯ ವಿನಿಮಯದ ಸಣ್ಣ ವ್ಯವಹಾರದಿಂದ ಮೇಲೆ ಬಂದ. ಹಾಂಗ್‌ಕಾಂಗ್ ಬಂದರು ಬೆಳೆದ ಮೇಲೆ ಮಕಾವ್‌ನ ವ್ಯಾಪಾರ ಕುಗ್ಗಿತ್ತು. ಖಜಾನೆ ತುಂಬಲು ಅಲ್ಲಿನ ಸರ್ಕಾರ 19ನೇ ಶತಮಾನದ ನಡುವಿನಲ್ಲಿ ಜೂಜಿಗೆ ಪರವಾನಗಿ ಕೊಟ್ಟು, ಅದನ್ನು ನಡೆಸುವ ಹಕ್ಕನ್ನು ಗುತ್ತಿಗೆಗೆ ಬಿಡತೊಡಗಿತು. ಗುತ್ತಿಗೆ ಹಿಡಿದವನು ಸರ್ಕಾರಕ್ಕೆ ಗೊತ್ತಾದ ಮೊತ್ತ ಕಟ್ಟಬೇಕು. ಅದಕ್ಕಿಂತ ಮೇಲೆ ಬಂದದ್ದೆಲ್ಲ ಅವನದು, ಬೇರೆ ಯಾರೂ ಆ ಆಟ ನಡೆಸುವಂತಿಲ್ಲ. ಅಲ್ಲಿ ಬಹಳ ಜನ ಆಡುತ್ತಿದ್ದದ್ದು ಫಾನ್‌ಟಾನ್ ಎಂಬ ಆಟ. ಮೇಜಿನ ಮೇಲೆ ಬಟ್ಟಲಿನಿಂದ ಒಂದು ರಾಶಿ ಬಿಲ್ಲೆಗಳನ್ನು ಮುಚ್ಚುತ್ತಾರೆ. ಜನ ಒಂದು, ಎರಡು, ಮೂರು, ನಾಲ್ಕು ಎಂಬ ಅಂಕಿಗಳ ಮೇಲೆ ಹಣ ಇಡುತ್ತಾರೆ. ಬಟ್ಟಲು ಎತ್ತಿ ತೆಳ್ಳಗಿನ ಕಡ್ಡಿಯಿಂದ ಬಿಲ್ಲೆಗಳನ್ನು ನಾಲ್ಕು ನಾಲ್ಕಾಗಿ ಸರಿಸುತ್ತ ಹೋದರೆ ಕೊನೆಗೆ ಎಷ್ಟು ಉಳಿಯಿತೋ ಅದೇ ಗೆದ್ದ ಅಂಕಿ. ಯಾರು ಗೆದ್ದರೂ ಆಟದ ಮನೆ ಗೆಲುವಿನಲ್ಲಿ ತನ್ನ ಪಾಲು ಮುರಿದುಕೊಳ್ಳುತ್ತದೆ. ಮೋಸವೇನೂ ನಡೆಯದಿದ್ದರೂ ಕೊನೆಗೆ ಹಣ ಹೋಗಿ ಸೇರುವುದು ಗುತ್ತಿಗೆದಾರನ ಪೆಟ್ಟಿಗೆಗೇ.

ಫಾನ್‌ಟಾನ್ ಗುತ್ತಿಗೆಯ ಜೊತೆಗೆ ಲೋ ಕಾವ್ ಕೈಹಾಕಿದ ಇನ್ನೊಂದು ಜೂಜು ಇನ್ನೂ ವಿಚಿತ್ರವಾದದ್ದು. ಚೀನಾದ ಚಕ್ರಾಧಿಪತ್ಯದಲ್ಲಿ ಸರ್ಕಾರಿ ಹುದ್ದೆಗೆ ಹೋಗುವವರು ಬರೆಯುತ್ತಿದ್ದ ದೊಡ್ಡ ಪರೀಕ್ಷೆಗಳಿದ್ದವು. ಯಾವ ಯಾವ ಮನೆತನದ ಹೆಸರಿನ ವಿದ್ಯಾರ್ಥಿಗಳು ತೇರ್ಗಡೆಯಾಗುತ್ತಾರೆ ಎಂದು ಊಹಿಸಿ, 20 ಮನೆತನಗಳ ಹೆಸರು ಬರೆದು ಪಣ ಕಟ್ಟುವುದೇ ಆ ಜೂಜು. ಬಹಳ ಸಾಮಾನ್ಯವಾದ ಹೆಸರುಗಳನ್ನು ಪಟ್ಟಿಯಿಂದ ಮೊದಲೇ ತೆಗೆದಿರುತ್ತಿದ್ದರು. ವಿದ್ಯೆಯ ಮೇಲೆಯೇ ಜೂಜು ಕಟ್ಟಿ, ಅದರ ಏಕಸ್ವಾಮ್ಯವನ್ನು ಹರಾಜಿನಲ್ಲಿ ಹಿಡಿದು ಶ್ರೀಮಂತರಾದವರಲ್ಲಿ ಲೋ ಕಾವ್ ಒಬ್ಬ. 1888ರಲ್ಲಿ ಪೋರ್ಚುಗೀಸ್ ಪೌರತ್ವ ಪಡೆದ, 1889ರಲ್ಲಿ ಭವ್ಯವಾದ ಮನೆ ಕಟ್ಟಿಸಿದ. ಆ ಮನೆ ಇಂದು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. 1892ರಲ್ಲಿ ಬಡವರಿಗೆ ಔಷಧಿ, ಅಂಬಲಿ, ಬಟ್ಟೆ ಕೊಡುವ ತುಂಗ್ ಸಿನ್ ತಾಂಗ್ ಎಂಬ ಧರ್ಮಸಂಸ್ಥೆ ಹುಟ್ಟಿದಾಗ ಅದರ ಮುಂಚೂಣಿಯಲ್ಲಿ ನಿಂತ. ಪೋರ್ಚುಗೀಸ್ ದೊರೆಯಿಂದ ಬಿರುದು ಪದಕಗಳೂ ಬಂದವು. ಆದರೆ ಗುತ್ತಿಗೆಯ ಸಂಪತ್ತು ಸರ್ಕಾರದ ಒಂದು ಸಹಿಯ ಮೇಲೆ ನಿಂತಿರುತ್ತದೆ. 1905ರಲ್ಲಿ ಚೀನಾ ತನ್ನ ಪರೀಕ್ಷಾ ಪದ್ಧತಿಯನ್ನೇ ರದ್ದುಮಾಡಿತು. ಗ್ವಾಂಗ್‌ಡಾಂಗ್‌ನಲ್ಲಿ ಹಿಡಿದಿದ್ದ ಜೂಜಿನ ಗುತ್ತಿಗೆಗಳು ಸಾಲಕ್ಕೆ ತಿರುಗಿದವು. 1907ರಲ್ಲಿ ಲೋ ಕಾವ್ ನೇಣು ಹಾಕಿಕೊಂಡು ಸತ್ತ.

ಇದನ್ನು ದೂರದ ಚೀನಾದ ಕಥೆ ಎಂದು ಬದಿಗಿಡಲಾಗದು. ಜೂಜನ್ನು ಒಬ್ಬನ ಕೈಗೆ ಕೊಟ್ಟು ರಾಜ ಪಾಲು ಪಡೆಯುವ ವ್ಯವಸ್ಥೆಗೆ ನಮ್ಮಲ್ಲಿ ಅದಕ್ಕಿಂತ ಹಳೆಯ ಶಾಸ್ತ್ರವಿದೆ. ಕೌಟಿಲ್ಯನ ಅರ್ಥಶಾಸ್ತ್ರ ಜೂಜಿಗೆ ಒಬ್ಬ ಅಧ್ಯಕ್ಷನನ್ನು ನೇಮಿಸಿ, ಆಟ ಒಂದೇ ಕಡೆ ನಡೆಯಬೇಕೆಂದು ಹೇಳಿ, ಗೆದ್ದ ಹಣದಲ್ಲಿ ನೂರಕ್ಕೆ 5ರಷ್ಟು ವಸೂಲಿಗೆ ಗೊತ್ತುಮಾಡಿತು. ಮನುಸ್ಮೃತಿ ಜೂಜನ್ನು ಹಾಡಹಗಲಿನ ಕಳ್ಳತನವೆಂದು ಎಣಿಸಿ ರಾಜ್ಯದಿಂದಲೇ ತೊಲಗಿಸಬೇಕೆಂದಿತು. ಯಾಜ್ಞವಲ್ಕ್ಯಸ್ಮೃತಿ ಕೌಟಿಲ್ಯನ ಕಡೆ ವಾಲಿತು. ಜೂಜುಮನೆ ನಡೆಸುವ ಸಭಿಕ ದೊಡ್ಡ ಪಣದಲ್ಲಿ ನೂರಕ್ಕೆ 5, ಸಣ್ಣದರಲ್ಲಿ 10 ತೆಗೆದುಕೊಳ್ಳಬಹುದು; ರಾಜ ಅವನಿಗೆ ರಕ್ಷಣೆ ಕೊಡಬೇಕು, ಅವನು ರಾಜನಿಗೆ ಒಪ್ಪಿದ ಪಾಲು ಸಲ್ಲಿಸಬೇಕು; ಜೂಜು ಒಬ್ಬನ ಮುಖಾಂತರವೇ ನಡೆದರೆ ಕಳ್ಳರನ್ನು ಪತ್ತೆಹಚ್ಚುವುದು ಸುಲಭ ಎಂಬ ಸಮರ್ಥನೆಯೂ ಅದರಲ್ಲಿದೆ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಅಂದರೆ 1076ರಿಂದ 1126ರ ನಡುವೆ. ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಪಗಡೆ, ಕವಡೆ ಆಟಗಳು ಅರಮನೆಯ ವಿನೋದಗಳ ಸಾಲಿನಲ್ಲಿ ಬರುತ್ತವೆ. ಜೂಜಿನ ಏಕಸ್ವಾಮ್ಯಕ್ಕೆ ಕಾನೂನಿನ ಭಾಷೆ ಸಿದ್ಧವಾಗಿದ್ದದ್ದು ಕನ್ನಡ ನಾಡಿನ ರಾಜಧಾನಿಯಲ್ಲೇ.

ಅದೇ ಕಲ್ಯಾಣದಲ್ಲಿ, ವಿಜ್ಞಾನೇಶ್ವರ ಬರೆದು ಅರ್ಧ ಶತಮಾನ ಕಳೆಯುವಷ್ಟರಲ್ಲಿ, ಬಿಜ್ಜಳನ ಕಾಲಕ್ಕೆ ಬಸವಣ್ಣ ಮತ್ತು ಶರಣರು ಹಣದ ಪ್ರಶ್ನೆಗೆ ಬೇರೆಯೇ ಉತ್ತರ ಕೊಟ್ಟರು. ರಾಜನಿಗೆ ಎಷ್ಟು ಪಾಲು ಸಂದಿತು ಎಂಬುದು ಶಾಸ್ತ್ರಕಾರನ ಪ್ರಶ್ನೆಯಾದರೆ, ಹಣ ಯಾವ ದುಡಿಮೆಯಿಂದ ಬಂತು ಎಂಬುದು ಶರಣರ ಪ್ರಶ್ನೆಯಾಯಿತು. ದಾಸೋಹಕ್ಕೆ ಸಲ್ಲಬೇಕಾದದ್ದು ಸತ್ಯಶುದ್ಧ ಕಾಯಕದ ಸಂಪಾದನೆ ಮಾತ್ರ ಎಂಬ ನಿಯಮ ಅಲ್ಲಿ ರೂಪುಗೊಂಡಿತು. ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ಜಂಗಮರಿಗೆ ಉಣಬಡಿಸುತ್ತಿದ್ದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲಿಗೇ ಹಿಂದಕ್ಕೆ ಸುರಿದು ಬರುವಂತೆ ಹೇಳಿದಳೆಂಬ ಕಥೆ ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೂ ಗೊತ್ತು. ಆ ಅಕ್ಕಿಯಿಂದ ಇನ್ನೂ ಹತ್ತು ಜನ ಉಣ್ಣಬಹುದಿತ್ತು. ಆದರೂ ಲಕ್ಕಮ್ಮ ಒಪ್ಪಲಿಲ್ಲ. ದಾನ ಮಾಡುವ ಉದ್ದೇಶ ಸಂಪಾದನೆಯ ರೀತಿಯನ್ನು ಶುದ್ಧಮಾಡಿಬಿಡುವುದಿಲ್ಲ ಎಂಬ ಈ ನಿಲುವು ಜಗತ್ತಿನ ಯಾವ ಅರ್ಥಚಿಂತನೆಯ ಎದುರೂ ತಲೆಯೆತ್ತಿ ನಿಲ್ಲಬಲ್ಲದು. ಈ ಪರಂಪರೆ ನಮ್ಮ ಸೀಮೆಗೆ ಗಟ್ಟಿಯಾಗಿ ಬಂದದ್ದು ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗ ಯತಿಗಳಿಂದ. ಗುಬ್ಬಿ, ಕುಣಿಗಲ್, ತುರುವೇಕೆರೆಯ ವರ್ತಕ ಮನೆತನಗಳು ಎಡೆಯೂರಿಗೆ ನಡೆದುಕೊಂಡು ಬಂದವು. ತೋಟದಪ್ಪ, ಸಿದ್ಧಲಿಂಗಪ್ಪ ಎಂಬ ಹೆಸರುಗಳು ಈ ಸೀಮೆಯ ಮನೆಮನೆಯಲ್ಲಿ ಇರುವುದು ಸುಮ್ಮನೆ ಅಲ್ಲ.

ಆದರೆ ಧರ್ಮದ ಆದರ್ಶವೊಂದರಿಂದಲೇ ವರ್ತಕನ ಹಣಕ್ಕೆ ದಾರಿ ಗೊತ್ತಾಗುವುದಿಲ್ಲ, ರಾಜ್ಯದ ತೆರಿಗೆ ವ್ಯವಸ್ಥೆಯೂ ಅದಕ್ಕೆ ಅನುವಾಗಬೇಕು. 19ನೇ ಶತಮಾನದ ಆರಂಭದ ಮೈಸೂರು ರಾಜ್ಯ ಇದರಲ್ಲಿ ಮಕಾವ್‌ಗಿಂತ ಬಹಳ ಭಿನ್ನವಾಗಿರಲಿಲ್ಲ. ಅದಕ್ಕೆ ತುಸು ಮೊದಲು ಟಿಪ್ಪು ಹೆಂಡ ಸಾರಾಯಿ ನಿಷೇಧಿಸಿದ್ದನಾದರೂ ಗಂಧ, ಮೆಣಸಿನಂಥ ಸರಕುಗಳ ವ್ಯಾಪಾರವನ್ನು ಸರ್ಕಾರದ ಕೈಯಲ್ಲೇ ಇಟ್ಟುಕೊಂಡಿದ್ದ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಂದಾಯ ವಸೂಲಿಯೇ ಶರ್ತಿನ ಮೇಲೆ ನಡೆಯಿತು. ಇಷ್ಟು ತಂದುಕೊಡುತ್ತೇನೆ ಎಂದು ಒಪ್ಪಿದ ಅಮಲ್ದಾರ ಅದನ್ನು ರೈತರಿಂದ ಹೇಗಾದರೂ ಹಿಂಡುತ್ತಿದ್ದ. 1830–31ರಲ್ಲಿ ಮಲೆನಾಡಿನ ನಗರ ಸೀಮೆಯಲ್ಲಿ ಎದ್ದ ದಂಗೆಗೆ ಇದೂ ಒಂದು ಕಾರಣ. ಸಾಗಾಟದ ಸರಕಿನ ಮೇಲಿನ ಸಾಯರ್ ಸುಂಕವನ್ನು ಇಜಾರದಾರರಿಗೆ ಗುತ್ತಿಗೆ ಕೊಡುತ್ತಿದ್ದರು. ಹೇರಿನ ಎತ್ತುಗಳನ್ನು ಕಟ್ಟೆಕಟ್ಟೆಯಲ್ಲೂ ನಿಲ್ಲಿಸಿ, ಗೋಣಿ ಬಿಚ್ಚಿಸಿ, ಸುಂಕ ಕೀಳುತ್ತಿದ್ದರು. 1834ರಿಂದ 1861ರವರೆಗೆ ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹೀಗೆ ರಾಜ್ಯದಲ್ಲಿದ್ದ 769 ಬಗೆಯ ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದನೆಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ ಎಂಬಂಥವು ಆ ಪಟ್ಟಿಯಲ್ಲಿದ್ದವು.

ಈ ಸುಧಾರಣೆಯಿಂದ ಹೆಚ್ಚು ಲಾಭವಾದದ್ದು ಗುಬ್ಬಿಯಂಥ ಊರಿಗೆ. ಹೊಸಹಳ್ಳಿ ಪಾಳೆಯಗಾರರು ಕಟ್ಟಿದ ಈ ಊರು ಮಲೆನಾಡಿನ ನಗರ ಸೀಮೆಯ ಅಡಿಕೆ ಪೂರ್ವದ ವಾಲಾಜಾಪೇಟೆ ಕಡೆಗೆ ಹೋಗುವ ದಾರಿಯಲ್ಲಿ ನಡುವಿನ ಮಂಡಿ. 1800ರಲ್ಲಿ ಇಲ್ಲಿಗೆ ಬಂದ ಪ್ರವಾಸಿ ಬುಕನನ್ ಇಲ್ಲಿನ ಸಂತೆಯನ್ನೂ ದೂರದ ವರ್ತಕರನ್ನೂ ಗಮನಿಸಿ ಬರೆದಿಟ್ಟಿದ್ದಾನೆ. ಅಡಿಕೆಯ ಜೊತೆಗೆ ಸುತ್ತಮುತ್ತಲ ತೋಟಗಳ ಕೊಬ್ಬರಿಯೂ ಇಲ್ಲಿನ ಸರಕು. ಉಂಡೆ ಕೊಬ್ಬರಿ ಆಗುವ ರೀತಿ ತಿಳಿದರೆ ಈ ವ್ಯಾಪಾರದ ಗುಣ ತಿಳಿಯುತ್ತದೆ. ಬಲಿತ ಕಾಯಿಯನ್ನು ಸಿಪ್ಪೆ ಸುಲಿಯದೆ ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು ಉಂಡೆ ತೆಗೆಯಬೇಕು. ಅವಸರ ಮಾಡಿದರೆ ಕೊಬ್ಬರಿ ಬೂಸ್ಟು ಹಿಡಿಯುತ್ತದೆ. ಹಣ ಕೈಸೇರಲು ವರ್ಷ ಹಿಡಿಯುವ ಇಂಥ ಕಸುಬಿನಲ್ಲಿ ನಂಬಿಕೆಯೇ ಬಂಡವಾಳ. ಬೆಳೆಗಾರ ಈ ವರ್ತಕನ ತೂಕ ಸರಿಯಿಲ್ಲ ಎಂದುಕೊಂಡರೆ ಮುಂದಿನ ವರ್ಷ ಇನ್ನೊಂದು ಮಂಡಿಗೆ ಹೋಗುತ್ತಾನೆ. ಆ ಹೆದರಿಕೆ ವರ್ತಕನಿಗೆ ಯಾವಾಗಲೂ ಇದ್ದೇ ಇರುತ್ತದೆ. ಫಾನ್‌ಟಾನ್ ಮೇಜಿನ ಒಡೆಯನಿಗೆ ಆ ಹೆದರಿಕೆಯಿಲ್ಲ. ಸೋತವನು ಹೋಗಲು ಇನ್ನೊಂದು ಮೇಜೇ ಇರದಂತೆ ಸರ್ಕಾರ ಅವನಿಗೆ ರಕ್ಷಣೆ ಕೊಟ್ಟಿರುತ್ತದೆ.

ತೋಟದಪ್ಪನವರು ಹುಟ್ಟಿದ್ದು ಇಂಥ ಗುಬ್ಬಿಯ ವರ್ತಕರ ಮನೆಯಲ್ಲಿ, ಕಬ್ಬನ್ ಅಧಿಕಾರ ವಹಿಸಿಕೊಂಡ ನಾಲ್ಕು ವರ್ಷಕ್ಕೆ. ವ್ಯಾಪಾರ ಅವರನ್ನು ಬೆಂಗಳೂರಿನ ಮಾಮೂಲ್‌ಪೇಟೆಗೆ ಕರೆದೊಯ್ದಿತು. ಅಲ್ಲಿ ಅಂಗಡಿಯಿಟ್ಟು ಬೆಳೆದರು. ಅವರ ನಡುವಯಸ್ಸಿಗೆ 1876–78ರ ಬರ ಬಂತು. ಮೈಸೂರು ರಾಜ್ಯದ ಜನಸಂಖ್ಯೆಯಲ್ಲಿ ಸುಮಾರು ಹತ್ತು ಲಕ್ಷ ಕಡಿಮೆಯಾಯಿತು. ಧಾನ್ಯ ಸಾಗಿಸಲು ರೈಲಿಲ್ಲದ ಸೀಮೆಗಳಲ್ಲಿ ಸಾವು ಹೆಚ್ಚಾದದ್ದನ್ನು ಕಂಡ ಸರ್ಕಾರ ಹಳಿ ಹಾಕುವ ಕೆಲಸಕ್ಕೆ ಕೈಹಚ್ಚಿತು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ರೈಲು ಬಂತು, ಅಲ್ಲಿಂದ ಗುಬ್ಬಿಗೆ ಮುಂದುವರಿಯಿತು, 1889ಕ್ಕೆ ಹರಿಹರ ಮುಟ್ಟಿತು. ನಡುವಿನ ಕೆಲವು ವರ್ಷ ಆ ಹಳಿಯ ಕೊನೆಯ ದೊಡ್ಡ ನಿಲ್ದಾಣ ಗುಬ್ಬಿಯೇ ಆಗಿತ್ತು. ಎತ್ತಿನ ಗಾಡಿಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ಬೆಂಗಳೂರಿನ ದಾರಿ ಕೆಲವೇ ಗಂಟೆಗಳಿಗೆ ಇಳಿಯಿತು. ಅದುವರೆಗೆ ಬೆಂಗಳೂರು ಕಾಣದ ಜನ ಕೆಲಸ, ಕೋರ್ಟು, ಓದು, ಔಷಧಿ ಎಂದು ಬಂದಿಳಿಯತೊಡಗಿದರು. ಇಳಿದವರಿಗೆ ರಾತ್ರಿ ತಂಗಲು ನಂಟರ ಮನೆ ಬಿಟ್ಟರೆ ಬೇರೆ ಜಾಗ ಸಿಗುವುದು ಕಷ್ಟವಾಗಿತ್ತು.

ತೋಟದಪ್ಪನವರ ಧರ್ಮ ಹುಟ್ಟಿದ್ದು ಸರಿಯಾಗಿ ಈ ಕೊರತೆಯಲ್ಲಿ. 1897ರಲ್ಲಿ ಅವರು ರೈಲು ನಿಲ್ದಾಣದ ಬಳಿ ಜಾಗ ಕೊಂಡರು. ಮರುವರ್ಷ ಬೆಂಗಳೂರಿಗೆ ಪ್ಲೇಗ್ ಬಂದು ಪೇಟೆಯ ವ್ಯಾಪಾರ ಅಸ್ತವ್ಯಸ್ತವಾಯಿತು. ಆದರೂ ಕಟ್ಟಡ ನಿಲ್ಲಲಿಲ್ಲ. 1903ರ ಫೆಬ್ರವರಿ 11ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಛತ್ರವನ್ನು ಉದ್ಘಾಟಿಸಿದರು. ಪ್ರಯಾಣಿಕರಿಗೆ ಉಚಿತ ತಂಗುದಾಣ, ಹಳ್ಳಿಗಳಿಂದ ಓದಲು ಬಂದ ವೀರಶೈವ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯ ಎರಡೂ ಈ ಧರ್ಮಸಂಸ್ಥೆಯಿಂದ ನಡೆದವು. ತೋಟದಪ್ಪ ಮತ್ತು ಅವರ ಪತ್ನಿ ಗೌರಮ್ಮನವರಿಗೆ ಮಕ್ಕಳಿರಲಿಲ್ಲ. ಆಸ್ತಿಯನ್ನೆಲ್ಲ ಧರ್ಮಸಂಸ್ಥೆಗೆ ಬಿಟ್ಟರು. ಅದರ ಮೊದಲ ಅಧ್ಯಕ್ಷರಾದವರು ಕೆ.ಪಿ. ಪುಟ್ಟಣ್ಣ ಚೆಟ್ಟಿ, ಇಂದು ಬೆಂಗಳೂರಿನ ಪುರಭವನಕ್ಕೆ ಹೆಸರು ಕೊಟ್ಟವರು. 1910ರ ಫೆಬ್ರವರಿ 21ರಂದು ತೋಟದಪ್ಪನವರು ತೀರಿಕೊಂಡರು. ಇಲ್ಲಿ ಗಮನಿಸಬೇಕಾದದ್ದು ದಾನ ವ್ಯಾಪಾರದ ದಾರಿಯಲ್ಲೇ ನಡೆದದ್ದು. ಸರಕು ಹತ್ತಿ ಇಳಿಯುವ ಹಳಿಯ ಪಕ್ಕದಲ್ಲಿ ಜನ ಹತ್ತಿ ಇಳಿಯುವ ಕಷ್ಟ ಒಬ್ಬ ವರ್ತಕನ ಕಣ್ಣಿಗೆ ಬೀಳುವಂಥದ್ದು. ಪರಊರಿನಲ್ಲಿ ಅಂಗಡಿಯಿಟ್ಟವನಿಗೆ ತಂಗಲು ಜಾಗವಿಲ್ಲದಿರುವುದು ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಲೋ ಕಾವ್ ಪರೀಕ್ಷೆ ಬರೆಯುವ ಹುಡುಗರ ಹೆಸರಿನ ಮೇಲೆ ಪಣ ಕಟ್ಟಿಸಿಕೊಂಡ, ತೋಟದಪ್ಪನವರು ಪರೀಕ್ಷೆ ಬರೆಯುವ ಹುಡುಗರಿಗೆ ಇರಲು ಜಾಗ, ಉಣ್ಣಲು ಅನ್ನ ಕೊಟ್ಟರು. ಇಬ್ಬರೂ ಒಂದೇ ಕಾಲದಲ್ಲಿ ಬದುಕಿದ್ದವರು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಹಸಿದವನು ಅನ್ನದ ಮೂಲ ಕೇಳುವುದಿಲ್ಲ. ಮಕಾವ್‌ನ ರೋಗಿಗೆ ಔಷಧಿ ಸಿಕ್ಕಿದ್ದು ಸುಳ್ಳೇ? ಸುಳ್ಳಲ್ಲ. ಉಣ್ಣುವವನ ಮೇಲೆ ಈ ಪ್ರಶ್ನೆಯ ಭಾರ ಹಾಕುವುದು ಕ್ರೌರ್ಯ. ಆದರೆ ಸಮಾಜ, ಅದರಲ್ಲೂ ಇತಿಹಾಸ ಬರೆಯುವವರು ಕೇಳಲೇಬೇಕು. ಯಾಕೆಂದರೆ ಜೂಜಿನ ಏಕಸ್ವಾಮ್ಯದಲ್ಲಿ ಹಸಿವನ್ನು ಹುಟ್ಟಿಸುವವನೂ ಅಂಬಲಿ ಹಂಚುವವನೂ ಒಬ್ಬನೇ ಆಗಿಬಿಡುತ್ತಾನೆ. ಮೇಜಿನ ಮೇಲೆ ಕೂಲಿ ಹಣ ಕಳೆದುಕೊಂಡವನ ಮನೆಯವರು ಅಂಬಲಿಯ ಸಾಲಿನಲ್ಲಿ ನಿಲ್ಲುತ್ತಾರೆ. ತೆಗೆದುಕೊಂಡದ್ದರಲ್ಲಿ ಒಂದು ಭಾಗ ವಾಪಸು ಬಂದರೆ ಅದನ್ನು ದಾನವೆಂದು ಲೆಕ್ಕ ಹಿಡಿಯುವುದು ಹೇಗೆ? ಇದು ಒಬ್ಬ ಲೋ ಕಾವ್‌ನ ಸ್ವಭಾವದ ಮಾತಲ್ಲ. ಮಲಯದಲ್ಲಿ ಲೋಕ್ ಯೂ (1845–1917) ತವರದ ಗಣಿಗಳ ಜೊತೆಗೆ ಜೂಜಿನ ಮತ್ತು ಮದ್ಯದ ಗುತ್ತಿಗೆಗಳನ್ನೂ ಹಿಡಿದು, 1893ರಲ್ಲಿ ಕ್ವಾಲಾಲಂಪುರದ ವಿಕ್ಟೋರಿಯಾ ಶಾಲೆ ಹುಟ್ಟುಹಾಕಿದವರಲ್ಲಿ ಒಬ್ಬನಾದ. ಶಾಲೆ ಒಳ್ಳೆಯದೇ. ಆದರೆ ಗಣಿಯ ಕೂಲಿಗಳು ಸಂಬಳವನ್ನು ಕಳೆದುಕೊಂಡದ್ದು ಅವನಂಥವರ ಜೂಜುಕಟ್ಟೆಗಳಲ್ಲಿ. ಆ ಕೂಲಿಗಳ ಹೆಸರು ಯಾವ ಶಾಲೆಯ ಕಲ್ಲಿನ ಮೇಲೂ ಇಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅಡಿಕೆ ಕೊಬ್ಬರಿಯ ವ್ಯಾಪಾರವೇನು ಗಂಗೋದಕವೇ? ಮುಂಗಡ ಕೊಟ್ಟು ಬೆಳೆಗಾರನನ್ನು ಕಟ್ಟಿಹಾಕುವುದು, ಬೆಲೆ ಬಿದ್ದಾಗ ಕೊಂಡು ಏರಿದಾಗ ಮಾರುವುದು, ತೂಕದಲ್ಲಿ ಸೂಟು ಎಂದು ಕಡಿತ ಮಾಡುವುದು, ದಲ್ಲಾಳಿಗಳು ಒಳಒಪ್ಪಂದ ಮಾಡಿಕೊಂಡು ಹರಾಜು ಕೂಗುವುದು ನಮ್ಮ ಮಂಡಿಗಳಿಗೆ ಹೊಸದಲ್ಲ. ನಿಯಂತ್ರಿತ ಮಾರುಕಟ್ಟೆಗಳ ಕಾನೂನು ಬರಬೇಕಾಗಿ ಬಂದದ್ದೇ ಇದಕ್ಕಾಗಿ. ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ವ್ಯಾಪಾರದ ಹಣವೆಲ್ಲ ಶುದ್ಧ, ಗುತ್ತಿಗೆಯ ಹಣವೆಲ್ಲ ಅಶುದ್ಧ ಎಂದು ಗೆರೆ ಎಳೆಯುವುದು ನನ್ನ ಉದ್ದೇಶವಲ್ಲ. ಎರಡು ವ್ಯತ್ಯಾಸಗಳನ್ನು ಮಾತ್ರ ಮರೆಯಬಾರದು. ಕೊಬ್ಬರಿ ಮಾರಿದವನಿಗೆ, ಬೆಲೆ ಕಡಿಮೆಯಾದರೂ, ಕೈಗೆ ಹಣ ಬರುತ್ತದೆ. ಕೊಂಡವನಿಗೆ ಕೊಬ್ಬರಿ ಸಿಗುತ್ತದೆ. ಜೂಜಿನಲ್ಲಿ ಸೋತವನಿಗೆ ಸಿಗುವುದು ಏನೂ ಇಲ್ಲ. ಇನ್ನೊಂದು, ಅಂಗಡಿಯವನ ಅನ್ಯಾಯಕ್ಕೆ ಸರ್ಕಾರ ಪಾಲುದಾರನಲ್ಲದ್ದರಿಂದ ಅದನ್ನು ತಿದ್ದಲು ಸರ್ಕಾರದ ಕೈ ಬಿಡುವಾಗಿರುತ್ತದೆ, ಕಾನೂನು ತರಬಹುದು. ಗುತ್ತಿಗೆದಾರನ ಅನ್ಯಾಯದಲ್ಲಿ ಪಾಲು ತಿಂದ ಸರ್ಕಾರ ಯಾವ ಬಾಯಿಂದ ತಡೆದೀತು?

ತೋಟದಪ್ಪನವರೂ ಬಿರುದುಗಳನ್ನು ಪಡೆದರಲ್ಲ, ಅದಕ್ಕೂ ಪೋರ್ಚುಗೀಸ್ ಪದಕಕ್ಕೂ ಏನು ಅಂತರ ಎನ್ನುವವರಿದ್ದಾರೆ. ಧರ್ಮಪ್ರವರ್ತ ಎಂಬ ಬಿರುದು ಅರಮನೆಯಿಂದ, ರಾವ್ ಬಹದ್ದೂರ್ ಬ್ರಿಟಿಷರಿಂದ ಬಂದದ್ದು ನಿಜ. ಆದರೆ ಆ ಬಿರುದುಗಳು ಇಲ್ಲದಿದ್ದರೂ ಮಾಮೂಲ್‌ಪೇಟೆಯ ಅಂಗಡಿ ನಡೆಯುತ್ತಿತ್ತು. ಪೌರತ್ವ, ಪದಕ, ಅಧಿಕಾರಿಗಳ ಮೆಚ್ಚುಗೆ ಇಲ್ಲದೆ ಲೋ ಕಾವ್‌ನ ಮುಂದಿನ ಹರಾಜು ನಡೆಯುತ್ತಿರಲಿಲ್ಲ. ಒಬ್ಬರಿಗೆ ಅದು ಕೆಲಸದ ನಂತರ ಬಂದ ಗೌರವ, ಇನ್ನೊಬ್ಬನಿಗೆ ಕೆಲಸ ನಡೆಸಲು ಬೇಕಾದ ಬಂಡವಾಳ. ಇನ್ನು ವಿದ್ಯಾರ್ಥಿನಿಲಯ ಒಂದೇ ಸಮುದಾಯದ ಹುಡುಗರಿಗೆ ಎಂಬ ಟೀಕೆ. ಇದನ್ನು ಅಲ್ಲಗಳೆಯಲಾಗದು, ಅದರ ಮಿತಿಯನ್ನು ಒಪ್ಪಬೇಕು. ಆ ಕಾಲದ ಮೈಸೂರಿನಲ್ಲಿ ಇಂಗ್ಲಿಷ್ ವಿದ್ಯೆ, ಸರ್ಕಾರಿ ನೌಕರಿ ಕೆಲವೇ ಜನರ ಸೊತ್ತಾಗಿತ್ತು. ಹಳ್ಳಿಯ ಸಮುದಾಯಗಳು ತಮ್ಮ ಮಕ್ಕಳನ್ನು ಶಾಲೆಗೆ ತರಲು ಒಂದೊಂದಾಗಿ ಸಂಘ ಕಟ್ಟಿಕೊಂಡವು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದ್ದೂ ಅದೇ ಒತ್ತಡದಿಂದ. ಆ ಹಾಸ್ಟೆಲುಗಳಿಂದ ಹೊರಬಂದ ತಲೆಮಾರೇ ಮುಂದೆ ಎಲ್ಲರಿಗೂ ತೆರೆದ ಸಂಸ್ಥೆಗಳನ್ನು ಕೇಳಿತು. ನಮ್ಮ ಜಿಲ್ಲೆಯ ಸಿದ್ಧಗಂಗಾ ಮಠ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟದ್ದನ್ನು ನೋಡಿದರೆ ಆ ದಾಸೋಹ ಯಾವ ದಿಕ್ಕಿಗೆ ಬೆಳೆಯಬೇಕಿತ್ತೋ ಅದೇ ದಿಕ್ಕಿಗೆ ಬೆಳೆದದ್ದು ಕಾಣುತ್ತದೆ.

ಕೊನೆಯ ಆಕ್ಷೇಪ ಯಾಜ್ಞವಲ್ಕ್ಯನ ಕಾಲದ್ದು, ಇವತ್ತಿಗೂ ಹಳತಾಗಿಲ್ಲ. ಜೂಜು ಹೇಗಿದ್ದರೂ ನಡೆಯುತ್ತದೆ. ಯುಗಾದಿ ಬಂದರೆ ಗುಬ್ಬಿ ಕುಣಿಗಲ್ಲಿನ ತೋಪುಗಳಲ್ಲಿ ಅಂದರ್ ಬಾಹರ್ ನಡೆಯುವುದನ್ನು ಯಾವ ಪೊಲೀಸರು ಪೂರ್ತಿ ನಿಲ್ಲಿಸಿದ್ದಾರೆ? ಕದ್ದು ಆಡುವುದಕ್ಕಿಂತ ಒಬ್ಬನ ಕೈಗೆ ಕೊಟ್ಟು, ತೆರಿಗೆ ಪಡೆದು, ಆ ಹಣದಲ್ಲಿ ಶಾಲೆ ಆಸ್ಪತ್ರೆ ನಡೆಸುವುದು ಬುದ್ಧಿವಂತಿಕೆಯಲ್ಲವೇ? ಈ ವಾದಕ್ಕೆ ನಮ್ಮ ರಾಜ್ಯದ ಅನುಭವವೇ ಉತ್ತರ. ಸಾರಾಯಿ ಮಾರುವ ಹಕ್ಕನ್ನು ವರ್ಷವರ್ಷ ಹರಾಜು ಹಾಕಿದಾಗ ಹುಟ್ಟಿದ್ದು ಸಾರಾಯಿ ಕಂಟ್ರಾಕ್ಟರುಗಳೆಂಬ ಹೊಸ ವರ್ಗ. ಅವರು ದೇವಸ್ಥಾನಗಳ ಜೀರ್ಣೋದ್ಧಾರವನ್ನೂ ಮಾಡಿಸಿದರು, ಚುನಾವಣೆಗಳಿಗೆ ಹಣವನ್ನೂ ಸುರಿದರು. ಒಂದೊಂದು ಹಳ್ಳಿಯ ಕೂಲಿ ಸಾರಾಯಿ ಅಂಗಡಿಗೆ ಹರಿಯುವುದನ್ನು ಸರ್ಕಾರಗಳು ದಶಕಗಟ್ಟಲೆ ನೋಡುತ್ತ ಕುಳಿತವು, ಯಾಕೆಂದರೆ ಬಜೆಟ್ಟಿನ ಲೆಕ್ಕ ಅದರ ಮೇಲೆ ನಿಂತಿತ್ತು. ಹೆಂಗಸರ ಹೋರಾಟದ ಒತ್ತಡಕ್ಕೆ ಮಣಿದು 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಅದೇ ವರ್ಷ ಲಾಟರಿಯೂ ನಿಂತಿತು. ಅಷ್ಟರಲ್ಲಿ ಎಷ್ಟು ಮನೆಗಳು ಹಾಳಾದವು ಎಂಬುದನ್ನು ಆ ಮನೆಗಳವರು ಬಲ್ಲರು. ಆನ್‌ಲೈನ್ ಜೂಜಿನ ವಿಷಯದಲ್ಲೂ ಇದೇ ಆಯಿತು. ರಾಜ್ಯ 2021ರಲ್ಲಿ ತಂದ ನಿಷೇಧದ ಮುಖ್ಯ ಭಾಗಗಳನ್ನು 2022ರಲ್ಲಿ ಹೈಕೋರ್ಟ್ ರದ್ದುಮಾಡಿತು. 2023ರ ಅಕ್ಟೋಬರಿನಿಂದ ಪಣದ ಮೊತ್ತದ ಮೇಲೆ ಶೇಕಡ 28 ಜಿಎಸ್‌ಟಿ ಬಂತು. ಹಣ ಕಟ್ಟಿ ಆಡುವ ಆಟಗಳನ್ನು ಸಂಸತ್ತು ನಿಷೇಧಿಸಿದ್ದು 2025ರ ಆಗಸ್ಟಿನಲ್ಲಿ. ಪಾಲಿಗೆ ಕೈಯೊಡ್ಡಿದ ಸರ್ಕಾರ ಬಾಗಿಲು ಹಾಕಲು ಎಷ್ಟು ತಡಮಾಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕಳ್ಳರನ್ನು ಹಿಡಿಯಲು ಒಬ್ಬನೇ ಸಭಿಕನಿರಲಿ ಎಂದ ಶಾಸ್ತ್ರ, ಆ ಸಭಿಕನನ್ನು ಹಿಡಿಯುವವರು ಯಾರು ಎಂಬುದಕ್ಕೆ ಉತ್ತರ ಕೊಡಲಿಲ್ಲ.

ಹೀಗಾಗಿ ತೋಟದಪ್ಪನವರ ಛತ್ರವನ್ನು ಒಬ್ಬ ಉದಾರಿಯ ನೆನಪು ಎಂದಷ್ಟೇ ನೋಡಿದರೆ ಅದರ ಅರ್ಧ ಬೆಲೆ ಮಾತ್ರ ತಿಳಿದಂತೆ. ಇಜಾರದಾರರ ಕಟ್ಟೆಗಳು ತೆರವಾದ ದಾರಿಯಲ್ಲಿ, ಒಂದು ಸಂತೆಯೂರಿನ ವ್ಯಾಪಾರದಿಂದ, ಯಾರ ಪರವಾನಗಿಗೂ ಕಾಯದೆ ಹುಟ್ಟಿದ ಧರ್ಮ ಅದು. ದಾನಿ ಸತ್ತು ನೂರು ವರ್ಷ ದಾಟಿದರೂ ಅದು ಉಳಿದದ್ದಕ್ಕೆ ಈ ಹುಟ್ಟೂ ಒಂದು ಕಾರಣವೆಂದು ನಾನು ನಂಬುತ್ತೇನೆ. ಹಣ ಬಂದ ದಾರಿ ಇಷ್ಟು ಮುಖ್ಯವಾದರೆ ಆ ದಾರಿಯ ಗುರುತುಗಳೂ ಅಷ್ಟೇ ಮುಖ್ಯ. ಗುಬ್ಬಿ, ಸಿ.ಎಸ್. ಪುರ, ಕುಣಿಗಲ್, ತುಮಕೂರಿನ ಹಳೆಯ ವರ್ತಕ ಮನೆಗಳಲ್ಲಿ ಅಡಿಕೆ ಕೊಬ್ಬರಿಯ ಖಾತೆ ಪುಸ್ತಕ, ಕಡತ, ಸಾಲದ ಪತ್ರ, ಮಂಡಿಯ ರಸೀದಿ ಏನೇ ಇದ್ದರೂ ಮನೆ ಕೆಡವುವಾಗ ರದ್ದಿಗೆ ಹಾಕಬೇಡಿ. ತುಮಕೂರು ವಿಶ್ವವಿದ್ಯಾನಿಲಯದ ಇತಿಹಾಸ ವಿಭಾಗಕ್ಕೋ ಊರಿನ ಗ್ರಂಥಾಲಯಕ್ಕೋ ಒಪ್ಪಿಸಿ. ಛತ್ರದ ಕಲ್ಲಿನ ಮೇಲೆ ಕೊಟ್ಟವರ ಹೆಸರು ಮಾತ್ರ ಇರುತ್ತದೆ, ಬೆಳೆದವರ, ಮಾರಿದವರ, ಹೊತ್ತವರ ಹೆಸರು ಸಿಗುವುದು ಆ ಪುಸ್ತಕಗಳಲ್ಲಿ.